ಕಂಪ್ಯೂಟರಿನಲ್ಲಿ ಹಾಡು ಓಡುತ್ತಿದೆ, ಆಂಪ್ಲಿಫೈಯರ್ ಮಾತ್ರ ಮೌನ: ಡಿಜಿಟಲ್ ಆಡಿಯೊ ಔಟ್‌ಪುಟ್ ದೋಷ ನಿವಾರಣೆ ಕೈಪಿಡಿ

ಪರದೆಯ ಮೇಲೆ ಹಾಡು ಓಡುತ್ತಿರುತ್ತದೆ, ಧ್ವನಿಮಟ್ಟದ ಹಸಿರು ಪಟ್ಟಿ ಏರಿಳಿಯುತ್ತಿರುತ್ತದೆ, ಆದರೆ ಕೇಬಲ್‌ನ ಮತ್ತೊಂದು ತುದಿಯಲ್ಲಿರುವ ಆಂಪ್ಲಿಫೈಯರ್‌ನಿಂದ ಒಂದು ಸದ್ದೂ ಹೊರಡುವುದಿಲ್ಲ. ಬಳ್ಳಾರಿಯಲ್ಲಿ ಮನೆಯ ಹೋಂ ಥಿಯೇಟರ್‌ಗೋ ಸಣ್ಣ ಸಭಾಭವನದ ಧ್ವನಿ ವ್ಯವಸ್ಥೆಗೋ ಕಂಪ್ಯೂಟರನ್ನು ಡಿಜಿಟಲ್ ಮಾರ್ಗದಲ್ಲಿ ಜೋಡಿಸಿಕೊಂಡವರಿಂದ ನಾನು ಹೆಚ್ಚಾಗಿ ಕೇಳಿರುವ ದೂರು ಇದು. ಇಂಥ ಹೊತ್ತಿನಲ್ಲಿ ಸೌಂಡ್ ಕಾರ್ಡ್ ಸುಟ್ಟಿದೆಯೆಂದು ತೀರ್ಮಾನಿಸಿ ಬೆಂಗಳೂರು ರಸ್ತೆಯ ಅಂಗಡಿಗಳಿಗೆ ಹೊರಡುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಈ ಮೌನದ ಹಿಂದೆ ಬಹುಪಾಲು ಸಂದರ್ಭಗಳಲ್ಲಿ ಇರುವುದು ರೂಪದ ಹೊಂದಾಣಿಕೆಯ ಕೊರತೆ. ಕಂಪ್ಯೂಟರ್ ಕಳುಹಿಸುತ್ತಿರುವ ದತ್ತಾಂಶದ ರೂಪ ಆಂಪ್ಲಿಫೈಯರ್‌ಗೆ ತಿಳಿಯುತ್ತಿರುವುದಿಲ್ಲ. ಆದ್ದರಿಂದ ಮೊದಲು ಎಲ್ಲವನ್ನೂ ಅತ್ಯಂತ ಸರಳ ರೂಪಕ್ಕೆ, ಅಂದರೆ ಎರಡು ಚಾನೆಲ್, 16 ಬಿಟ್, 48,000 ಹರ್ಟ್ಸ್‌ಗೆ (ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆಯುವ ರೂಪಕ್ಕೆ) ಇಳಿಸಿ, ಅದರಲ್ಲಿ ಸದ್ದು ಬರಿಸಿ, ಆಮೇಲೆ ಒಂದೊಂದೇ ಮೆಟ್ಟಿಲು ಮೇಲೇರುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಡ್ರೈವರ್ (ಯಂತ್ರಭಾಗವನ್ನು ನಡೆಸುವ ತಂತ್ರಾಂಶ), ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಸದ್ದು ಬಂದರೂ ಕಾರಣ ಸಿಗುವುದಿಲ್ಲ, ಮುಂದಿನ ಸಲ ಅದೇ ದೋಷ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಈ ಮಾರ್ಗದಲ್ಲಿ ಏನು ಹರಿಯುತ್ತದೆ

ಸೌಂಡ್ ಕಾರ್ಡ್ ಅಥವಾ ಮದರ್‌ಬೋರ್ಡ್‌ನ ಹಿಂಬದಿಯಲ್ಲಿರುವ ಡಿಜಿಟಲ್ ಔಟ್‌ಪುಟ್‌ಗೆ ಎಸ್‌ಪಿಡಿಐಎಫ್ ಎಂದು ಹೆಸರು. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ರೂಪಿಸಿದ ಈ ಪದ್ಧತಿ ಇಂದು ಐಇಸಿ 60958 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿದೆ. ಇದಕ್ಕೆ ಎರಡು ದಾರಿಗಳಿವೆ. ಒಂದು, 75 ಓಮ್‌ನ ತಾಮ್ರದ ಕೋಆಕ್ಸಿಯಲ್ ಕೇಬಲ್, ಆರ್‌ಸಿಎ ಪಿನ್‌ನೊಂದಿಗೆ. ಇನ್ನೊಂದು, ತೊಷಿಬಾ ಕಂಪನಿ 1983ರಲ್ಲಿ ತಂದ ಟಾಸ್‌ಲಿಂಕ್ ಎಂಬ ಆಪ್ಟಿಕಲ್ ಕೇಬಲ್, ಕೆಂಪು ಬೆಳಕಿನದು. ಎರಡರಲ್ಲಿ ಹರಿಯುವ ದತ್ತಾಂಶ ಒಂದೇ.

ಈ ಮಾರ್ಗ ಏಕಮುಖಿ ಎಂಬುದು ದೋಷ ಹುಡುಕುವವರು ಮೊದಲು ತಿಳಿಯಬೇಕಾದ ವಿಷಯ. ಕಂಪ್ಯೂಟರ್ ಕಳುಹಿಸುತ್ತದೆ, ಆಂಪ್ಲಿಫೈಯರ್ ಪಡೆಯುತ್ತದೆ. ಬಂದದ್ದು ತನಗೆ ತಿಳಿಯಲಿಲ್ಲವೆಂದು ಹಿಂದಕ್ಕೆ ಹೇಳಲು ಅದಕ್ಕೆ ದಾರಿಯೇ ಇಲ್ಲ. ಎಚ್‌ಡಿಎಂಐ ಮಾರ್ಗದಲ್ಲಿ ಟಿವಿಯು ತಾನು ಯಾವ ಧ್ವನಿ ರೂಪಗಳನ್ನು ಬಲ್ಲೆನೆಂಬ ಪಟ್ಟಿಯನ್ನು ಕಂಪ್ಯೂಟರಿಗೆ ತಾನಾಗಿಯೇ ಒಪ್ಪಿಸುತ್ತದೆ. ಎಸ್‌ಪಿಡಿಐಎಫ್‌ನಲ್ಲಿ ಆ ಪಟ್ಟಿಯನ್ನು ನಾವೇ ಸೆಟ್ಟಿಂಗ್‌ನಲ್ಲಿ ಗುರುತು ಹಾಕಿ ತಿಳಿಸಬೇಕು. ನಾವು ತಪ್ಪಾಗಿ ಗುರುತು ಹಾಕಿದರೆ ಕಂಪ್ಯೂಟರ್ ಅದನ್ನೇ ನಂಬಿ ಕಳುಹಿಸುತ್ತದೆ, ಯಾವ ದೋಷ ಸಂದೇಶವೂ ಕಾಣುವುದಿಲ್ಲ, ಧ್ವನಿಮಟ್ಟದ ಪಟ್ಟಿಯೂ ಎಂದಿನಂತೆ ಏರಿಳಿಯುತ್ತದೆ.

ಮೊದಲ ಪರೀಕ್ಷೆ: ಸದ್ದು ಯಾವ ಸಾಧನಕ್ಕೆ ಹೋಗುತ್ತಿದೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ಎಂಬ ಕ್ರಮದಲ್ಲಿ ಹೋಗಿ ಕೆಳಗಿರುವ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿದರೆ, ವಿಂಡೋಸ್ 10ರಲ್ಲಿ ಅದೇ ಪುಟದ ‘ಸೌಂಡ್ ಕಂಟ್ರೋಲ್ ಪ್ಯಾನೆಲ್’ ಒತ್ತಿದರೆ, ಹಳೆಯ ಕಾಲದ ಚಿಕ್ಕ ಕಿಟಕಿಯೊಂದು ತೆರೆಯುತ್ತದೆ. ಮುಖ್ಯವಾದ ಕೆಲಸವೆಲ್ಲ ಈ ಕಿಟಕಿಯ ‘ಪ್ಲೇಬ್ಯಾಕ್’ ಪುಟದಲ್ಲೇ ಆಗಬೇಕು. ಅಲ್ಲಿ ಖಾಲಿ ಜಾಗದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ನಿಷ್ಕ್ರಿಯಗೊಂಡ ಸಾಧನಗಳನ್ನೂ ಸಂಪರ್ಕವಿಲ್ಲದ ಸಾಧನಗಳನ್ನೂ ತೋರಿಸುವ ಎರಡು ಆಯ್ಕೆಗಳಿಗೆ ಗುರುತು ಹಾಕಿ. ‘ಡಿಜಿಟಲ್ ಔಟ್‌ಪುಟ್’ ಅಥವಾ ‘ರಿಯಲ್‌ಟೆಕ್ ಡಿಜಿಟಲ್ ಔಟ್‌ಪುಟ್’ ಎಂಬ ಹೆಸರಿನ ಸಾಧನ ಬೂದುಬಣ್ಣದಲ್ಲಿ ಕಂಡರೆ ಅದನ್ನು ಸಕ್ರಿಯಗೊಳಿಸಿ, ‘ಸೆಟ್ ಡೀಫಾಲ್ಟ್’ ಒತ್ತಿ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ನಂತರವೋ ಎಚ್‌ಡಿಎಂಐ ಟಿವಿಯೊಂದನ್ನು ಹೊಸದಾಗಿ ಜೋಡಿಸಿದ ನಂತರವೋ ಡೀಫಾಲ್ಟ್ ಸಾಧನ ತಾನಾಗಿ ಬದಲಾಗುವುದುಂಟು; ನಿನ್ನೆಯವರೆಗೆ ಹಾಡುತ್ತಿದ್ದದ್ದು ಇಂದು ಸುಮ್ಮನಾದರೆ ಮೊದಲ ಅನುಮಾನ ಇದರ ಮೇಲೇ ಇರಬೇಕು.

ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಕಾರಣ ಎರಡರಲ್ಲಿ ಒಂದು. ಮದರ್‌ಬೋರ್ಡ್ ತಯಾರಕರ ಆಡಿಯೊ ಡ್ರೈವರ್ ಇಲ್ಲದೆ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಮಾತ್ರ ಕೂತಿರಬಹುದು, ಇಲ್ಲವೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಆನ್‌ಬೋರ್ಡ್ ಆಡಿಯೊ ನಿಂತಿರಬಹುದು. ಡ್ರೈವರನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ‘ಡ್ರೈವರ್ ಹುಡುಕಿಕೊಡುವ’ ಉಚಿತ ತಂತ್ರಾಂಶಗಳ ಸಹವಾಸ ಬೇಡ.

ಬೆಳಕು ಮತ್ತು ಕೇಬಲ್

ಆಪ್ಟಿಕಲ್ ಕೇಬಲ್ ಬಳಸುವವರಿಗೆ ಒಂದು ಅನುಕೂಲವಿದೆ: ದೋಷವನ್ನು ಕಣ್ಣಿನಿಂದಲೇ ನೋಡಬಹುದು. ಆಂಪ್ಲಿಫೈಯರ್ ಕಡೆಯ ತುದಿಯನ್ನು ಬಿಚ್ಚಿ ಬಿಳಿ ಕಾಗದದ ಮುಂದೆ ಹಿಡಿದರೆ ಕೆಂಪು ಚುಕ್ಕೆ ಮೂಡಬೇಕು. ಇದು ಎಲ್‌ಇಡಿಯ ಬೆಳಕು, ಲೇಸರ್ ಅಲ್ಲ. ಆದರೂ ನೇರವಾಗಿ ದಿಟ್ಟಿಸುವ ಅಗತ್ಯವಿಲ್ಲ. ಚುಕ್ಕೆ ಇಲ್ಲದಿದ್ದರೆ ಕೇಬಲನ್ನು ಕಂಪ್ಯೂಟರ್ ಕಡೆಯಿಂದಲೂ ಬಿಚ್ಚಿ, ಸಾಕೆಟ್ಟಿನ ಪುಟ್ಟ ಬಾಗಿಲನ್ನು ಮೆಲ್ಲಗೆ ಒತ್ತಿ, ಒಳಗೆ ಬೆಳಕಿದೆಯೇ ನೋಡಿ. ಸಾಕೆಟ್ಟಿನಲ್ಲಿ ಬೆಳಕಿದ್ದು ಕೇಬಲ್ ತುದಿಯಲ್ಲಿ ಇಲ್ಲದಿದ್ದರೆ ದೋಷ ಕೇಬಲ್‌ನದು. ಎರಡೂ ಕಡೆ ಇಲ್ಲದಿದ್ದರೆ ಔಟ್‌ಪುಟ್ ನಿಷ್ಕ್ರಿಯವಾಗಿದೆ, ಹಿಂದಿನ ಪರೀಕ್ಷೆಗೆ ಮರಳಿ. ಬೆಳಕು ಎರಡೂ ಕಡೆ ಚೆನ್ನಾಗಿದ್ದರೂ ಅದರಲ್ಲಿ ಧ್ವನಿ ಇದೆಯೆಂದು ಖಾತ್ರಿಯಾಗುವುದಿಲ್ಲ. ಮಾರ್ಗ ತೆರೆದಿದೆ ಎಂದಷ್ಟೇ ತಿಳಿಯಬೇಕು.

ಹೊಸ ಕೇಬಲ್‌ನ ತುದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದನ್ನು ತೆಗೆಯದೆಯೇ ಸಾಕೆಟ್ಟಿಗೆ ಒತ್ತಲು ಯತ್ನಿಸುವುದು ಸಾಮಾನ್ಯ. ಕೇಬಲ್‌ನ ಒಳಗಿರುವುದು ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ. ಗೋಡೆಯ ಮೂಲೆಯಲ್ಲಿ ಮೊಳೆ ಹೊಡೆದು ಚೂಪಾಗಿ ಮಡಿಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. 5 ಮೀಟರಿನೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಸಂಡೂರಿನ ಕಡೆ, ಅದಿರು ಲಾರಿಗಳು ಓಡಾಡುವ ರಸ್ತೆಯ ಅಂಚಿನ ಮನೆಗಳಲ್ಲಿ, ಕಂಪ್ಯೂಟರಿನ ಹಿಂಬದಿಯಲ್ಲಿ ಕೆಮ್ಮಣ್ಣಿನಂಥ ನುಣುಪು ಧೂಳು ಪದರವಾಗಿ ಕೂರುತ್ತದೆ. ಬಾಗಿಲು ಮುರಿದ ಸಾಕೆಟ್ಟಿನೊಳಗೆ ಅದು ಸೇರಿದರೆ ಬೆಳಕು ಮಂಕಾಗಿ ಸದ್ದು ತುಂಡು ತುಂಡಾಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಕೇಬಲ್ ತುದಿಯನ್ನು ಒರೆಸಿ, ಸಾಕೆಟ್ಟಿಗೆ ಗಾಳಿ ಊದುವ ರಬ್ಬರ್ ಚೆಂಡನ್ನು ಬಳಸಿ. ಬಳಸದ ಸಾಕೆಟ್ಟುಗಳಿಗೆ ಅವುಗಳೊಂದಿಗೆ ಬಂದ ರಬ್ಬರ್ ಮುಚ್ಚಳವನ್ನು ಹಾಕಿಯೇ ಇಡಿ.

ರೂಪದ ತಕರಾರು

ಈಗ ಮುಖ್ಯ ಭಾಗಕ್ಕೆ ಬರೋಣ. ಎಸ್‌ಪಿಡಿಐಎಫ್ ಮಾರ್ಗದಲ್ಲಿ ಎರಡು ಬಗೆಯ ದತ್ತಾಂಶ ಹೋಗಬಹುದು. ಒಂದು ಪಿಸಿಎಂ, ಅಂದರೆ ಕುಗ್ಗಿಸದ ಎರಡು ಚಾನೆಲ್ ಧ್ವನಿ. ಇದನ್ನು ಎಲ್ಲ ಆಂಪ್ಲಿಫೈಯರ್‌ಗಳೂ ಅರಿಯುತ್ತವೆ. ಇನ್ನೊಂದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ನಂಥ ಕುಗ್ಗಿಸಿದ ಬಿಟ್‌ಸ್ಟ್ರೀಮ್. ಇದನ್ನು ಬಿಡಿಸುವ ಡಿಕೋಡರ್ ಆಂಪ್ಲಿಫೈಯರ್‌ನಲ್ಲಿ ಇದ್ದರೆ ಮಾತ್ರ ಧ್ವನಿ ಬರುತ್ತದೆ. ನಮ್ಮ ಊರುಗಳಲ್ಲಿ ಬಿಡಿಭಾಗ ಜೋಡಿಸಿ ಮಾರುವ ಹೋಂ ಥಿಯೇಟರ್‌ಗಳಲ್ಲಿಯೂ, ಆಪ್ಟಿಕಲ್‌ನಿಂದ ಅನಲಾಗ್‌ಗೆ ಪರಿವರ್ತಿಸುವ ಚಿಕ್ಕ ಡಬ್ಬಿಗಳಲ್ಲಿಯೂ ಅನೇಕವು ಪಿಸಿಎಂ ಒಂದನ್ನೇ ಬಲ್ಲವು. ಮುಂಭಾಗದಲ್ಲಿ ‘5.1’ ಎಂದು ಅಚ್ಚಾಗಿದ್ದರೂ ಅದು ಆರು ಸ್ಪೀಕರ್‌ಗಳಿಗೆ ಜಾಗವಿದೆ ಎಂಬುದನ್ನಷ್ಟೇ ಸೂಚಿಸುತ್ತಿರಬಹುದು. ಇಂಥ ಸಾಧನಕ್ಕೆ ಬಿಟ್‌ಸ್ಟ್ರೀಮ್ ಕೊಟ್ಟರೆ ಪೂರ್ಣ ಮೌನ, ಇಲ್ಲವೆ ಕಿವಿಗೆ ಕರ್ಕಶವಾದ ಗರಗರ ಶಬ್ದ. ಆ ಗರಗರ ಶಬ್ದ ಕೇಳಿದೊಡನೆ ಸ್ಪೀಕರ್ ಹರಿದಿದೆ ಎಂದು ಭಾವಿಸಬೇಡಿ, ಆದರೆ ತಕ್ಷಣ ಆಂಪ್ಲಿಫೈಯರ್‌ನ ವಾಲ್ಯೂಮ್ ಇಳಿಸಿ, ಏಕೆಂದರೆ ಪೂರ್ಣ ಮಟ್ಟದ ಈ ಸದ್ದು ಸಣ್ಣ ಟ್ವೀಟರ್‌ಗಳನ್ನು (ತೀಕ್ಷ್ಣ ಸ್ವರದ ಸ್ಪೀಕರ್‌ಗಳನ್ನು) ನಿಜವಾಗಿಯೂ ಕೆಡಿಸಬಲ್ಲದು.

ಪರಿಹಾರಕ್ಕಾಗಿ ‘ಪ್ಲೇಬ್ಯಾಕ್’ ಪುಟದಲ್ಲಿ ಡಿಜಿಟಲ್ ಔಟ್‌ಪುಟ್ ಆಯ್ದು ‘ಪ್ರಾಪರ್ಟೀಸ್’ ತೆರೆಯಿರಿ. ‘ಸಪೋರ್ಟೆಡ್ ಫಾರ್ಮ್ಯಾಟ್ಸ್’ ಪುಟದಲ್ಲಿ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎರಡರ ಗುರುತನ್ನೂ ತೆಗೆಯಿರಿ. 48 ಕಿಲೋಹರ್ಟ್ಸ್ ಬಿಟ್ಟು ಉಳಿದ ದರಗಳ ಗುರುತನ್ನೂ ಸದ್ಯಕ್ಕೆ ತೆಗೆಯಿರಿ. ‘ಅಡ್ವಾನ್ಸ್‌ಡ್’ ಪುಟದಲ್ಲಿ 16 ಬಿಟ್, 48,000 ಹರ್ಟ್ಸ್ ಆಯ್ದು ‘ಟೆಸ್ಟ್’ ಒತ್ತಿ. ಸದ್ದು ಬಂದರೆ ಕೇಬಲ್, ಸಾಕೆಟ್, ಚಿಪ್, ಡ್ರೈವರ್ ನಾಲ್ಕೂ ಸರಿ ಇವೆಯೆಂದು ಒಂದೇ ಏಟಿಗೆ ಸಾಬೀತಾಯಿತು. ಈಗ 44.1, ಆಮೇಲೆ 96 ಕಿಲೋಹರ್ಟ್ಸ್, ಆಮೇಲೆ ಡಾಲ್ಬಿ, ಕೊನೆಗೆ ಡಿಟಿಎಸ್ ಎಂಬ ಕ್ರಮದಲ್ಲಿ ಒಂದೊಂದಕ್ಕೇ ಗುರುತು ಹಾಕಿ, ಅದೇ ಪುಟದ ‘ಟೆಸ್ಟ್’ ಗುಂಡಿಯಿಂದ ಪರೀಕ್ಷಿಸಿ. ಎಲ್ಲಿ ಸದ್ದು ನಿಲ್ಲುತ್ತದೆಯೋ ಅದರ ಹಿಂದಿನದೇ ನಿಮ್ಮ ಆಂಪ್ಲಿಫೈಯರ್‌ನ ಮಿತಿ. 192 ಕಿಲೋಹರ್ಟ್ಸ್‌ನಲ್ಲಿ ಸದ್ದು ಬರದಿದ್ದರೆ ಚಿಂತಿಸಬೇಕಿಲ್ಲ. ಅನೇಕ ಆಪ್ಟಿಕಲ್ ಭಾಗಗಳು ಆ ವೇಗವನ್ನು ತಾಳುವುದಿಲ್ಲ, ಅದರಿಂದ ಕೇಳುವ ಸುಖಕ್ಕೆ ನಷ್ಟವೂ ಇಲ್ಲ. ಸಿಡಿಯಿಂದ ಇಳಿಸಿಕೊಂಡ ಹಾಡುಗಳು 44.1 ಕಿಲೋಹರ್ಟ್ಸ್‌ನವು, ಚಲನಚಿತ್ರಗಳ ಧ್ವನಿ 48ರದು. ಹೆಚ್ಚಾಗಿ ಏನು ಕೇಳುತ್ತೀರೋ ಅದಕ್ಕೆ ತಕ್ಕಂತೆ ಡೀಫಾಲ್ಟ್ ಇಟ್ಟುಕೊಂಡರೆ ಸಾಕು.

ವಿಎಲ್‌ಸಿ, ಕೋಡಿಯಂಥ ಪ್ಲೇಯರ್‌ಗಳಿಗೆ ಈ ವಿಷಯದಲ್ಲಿ ಸ್ವಂತ ಸೆಟ್ಟಿಂಗ್ ಉಂಟು. ಪ್ಲೇಯರ್‌ನಲ್ಲಿ ಪಾಸ್‌ಥ್ರೂ ಚಾಲೂ ಇದ್ದರೆ ಅದು ವಿಂಡೋಸ್‌ನ ಮಿಕ್ಸರನ್ನು ದಾಟಿ ಬಿಟ್‌ಸ್ಟ್ರೀಮನ್ನು ನೇರವಾಗಿ ಕಳುಹಿಸುತ್ತದೆ. ಹಾಡುಗಳಿಗೆಲ್ಲ ಸದ್ದು ಬಂದು, ಕೆಲವು ಚಲನಚಿತ್ರಗಳಿಗೆ ಮಾತ್ರ ಬರದಿದ್ದರೆ ದೋಷ ಬಹುಮಟ್ಟಿಗೆ ಇಲ್ಲೇ ಇದೆ: ಆ ಚಿತ್ರದ ಕಡತದಲ್ಲಿರುವುದು ಡಿಟಿಎಸ್ ಅಥವಾ ಡಾಲ್ಬಿ, ನಿಮ್ಮ ಆಂಪ್ಲಿಫೈಯರ್‌ಗೆ ಅದು ತಿಳಿಯದು. ಪಾಸ್‌ಥ್ರೂ ನಿಲ್ಲಿಸಿದರೆ ಪ್ಲೇಯರ್ ತಾನೇ ಡಿಕೋಡ್ ಮಾಡಿ ಪಿಸಿಎಂ ಕೊಡುತ್ತದೆ. ಪಾಸ್‌ಥ್ರೂ ನಡೆಯುತ್ತಿರುವಾಗ ಕಂಪ್ಯೂಟರಿನ ವಾಲ್ಯೂಮ್ ಗುಂಡಿ ಕೆಲಸ ಮಾಡುವುದಿಲ್ಲ, ಬ್ರೌಸರ್‌ನ ಸದ್ದೂ ಕೇಳುವುದಿಲ್ಲ. ಇವೆರಡೂ ದೋಷಗಳಲ್ಲ, ಸಾಧನವನ್ನು ಪ್ಲೇಯರ್ ಒಂದೇ ಹಿಡಿದುಕೊಂಡಿರುವುದರ ಲಕ್ಷಣಗಳು.

ಆರು ಸ್ಪೀಕರ್‌ಗಳಲ್ಲಿ ಎರಡು ಮಾತ್ರ ಮಾತನಾಡಿದರೆ

ಚಲನಚಿತ್ರದಲ್ಲಿ ಆರೂ ಸ್ಪೀಕರ್ ಕೆಲಸ ಮಾಡಿ, ಆಟ ಆಡುವಾಗ ಮುಂದಿನ ಎರಡು ಮಾತ್ರ ಕೇಳಿಸುತ್ತವೆ ಎಂಬ ದೂರಿಗೆ ಲೆಕ್ಕದಲ್ಲೇ ಉತ್ತರವಿದೆ. 16 ಬಿಟ್, 48,000 ಹರ್ಟ್ಸ್‌ನ ಎರಡು ಚಾನೆಲ್‌ಗಳಿಗೆ ಸೆಕೆಂಡಿಗೆ 15.36 ಲಕ್ಷ ಬಿಟ್ ಬೇಕು; ಆರು ಚಾನೆಲ್‌ಗಳಿಗೆ 46.08 ಲಕ್ಷ. ಎಸ್‌ಪಿಡಿಐಎಫ್‌ನ ರಚನೆ ಇರುವುದು ಎರಡು ಚಾನೆಲ್‌ಗಳಿಗಾಗಿ. ಡಾಲ್ಬಿ ಡಿಜಿಟಲ್ ಆರು ಚಾನೆಲ್‌ಗಳನ್ನು ಸೆಕೆಂಡಿಗೆ ಗರಿಷ್ಠ 6.4 ಲಕ್ಷ ಬಿಟ್‌ಗೆ ಕುಗ್ಗಿಸುವುದರಿಂದ ಸಿನಿಮಾದ ಧ್ವನಿ ಹಾಯುತ್ತದೆ. ಆಟದ ಧ್ವನಿ ಆ ಕ್ಷಣದಲ್ಲೇ ಹುಟ್ಟುವ ಪಿಸಿಎಂ ಆದ್ದರಿಂದ ಅದು ಎರಡು ಚಾನೆಲ್‌ಗೆ ಇಳಿಯುತ್ತದೆ. ಆಗಿಂದಾಗಲೇ ಕುಗ್ಗಿಸಿ ಕಳುಹಿಸುವ ‘ಡಾಲ್ಬಿ ಡಿಜಿಟಲ್ ಲೈವ್’ ಅಥವಾ ‘ಡಿಟಿಎಸ್ ಕನೆಕ್ಟ್’ ಸೌಲಭ್ಯ ನಿಮ್ಮ ಸೌಂಡ್ ಕಾರ್ಡ್‌ಗಿದ್ದರೆ ಅದು ‘ಅಡ್ವಾನ್ಸ್‌ಡ್’ ಪುಟದ ಪಟ್ಟಿಯಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಎಚ್‌ಡಿಎಂಐ ದಾರಿ ಹಿಡಿಯುವುದೇ ಸರಿ. ಅದು ಎಂಟು ಚಾನೆಲ್ ಪಿಸಿಎಂ ಒಯ್ಯಬಲ್ಲದು.

ಎಚ್‌ಡಿಎಂಐ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಅದರ ಧ್ವನಿ ಹೊರಡುವುದು ಸಾಮಾನ್ಯವಾಗಿ ಗ್ರಾಫಿಕ್ಸ್ ಭಾಗದಿಂದ, ಆದ್ದರಿಂದ ನವೀಕರಿಸಬೇಕಾದದ್ದು ಗ್ರಾಫಿಕ್ಸ್ ಡ್ರೈವರನ್ನು. ಟಿವಿ ಆರಿದ್ದರೆ ಆ ಸಾಧನ ಪಟ್ಟಿಯಿಂದಲೇ ಮಾಯವಾಗುತ್ತದೆ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಮೊದಲು ಎದ್ದು, ಟಿವಿ ಮತ್ತು ಆಂಪ್ಲಿಫೈಯರ್ ಆಮೇಲೆ ಎದ್ದರೆ ಹೊಂದಾಣಿಕೆ ತಪ್ಪಿ ಸದ್ದು ಬಾರದಿರಬಹುದು. ಆಂಪ್ಲಿಫೈಯರ್, ಟಿವಿ, ಕಂಪ್ಯೂಟರ್ ಎಂಬ ಕ್ರಮದಲ್ಲಿ ಚಾಲೂ ಮಾಡಿದರೆ ಸರಿಹೋಗುತ್ತದೆ. ಟಿವಿಯ ಆಪ್ಟಿಕಲ್ ಔಟ್‌ಪುಟ್ ಮೂಲಕ ಆಂಪ್ಲಿಫೈಯರ್‌ಗೆ ಹೋಗುವವರು ಟಿವಿಯ ‘ಡಿಜಿಟಲ್ ಸೌಂಡ್ ಔಟ್’ ಸೆಟ್ಟಿಂಗನ್ನೂ ಮೊದಲು ಪಿಸಿಎಂಗೆ ಇಳಿಸಿ ಪರೀಕ್ಷಿಸಬೇಕು.

ಮೊದಲ ಅಕ್ಷರ ನುಂಗಿಹೋಗುವುದು, ನಡುವೆ ತುಂಡಾಗುವುದು

ಹಳೆಯ ಕ್ಯಾಸೆಟ್‌ಗಳಲ್ಲಿದ್ದ ದೊಡ್ಡಾಟದ ಪದಗಳನ್ನು ಕಂಪ್ಯೂಟರಿಗೆ ಇಳಿಸಿ ಜೋಪಾನ ಮಾಡುತ್ತಿರುವವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಆ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾರ್ಗದಲ್ಲಿ ಕೇಳಿಸುವಾಗ ಭಾಗವತರು ಎತ್ತಿಕೊಂಡ ಪದದ ಮೊದಲ ಅಕ್ಷರವೇ ಕೇಳದೆ ಹೋಗುವುದು ಸಣ್ಣ ದೋಷವೆಂದು ನನಗೆ ಅನ್ನಿಸುವುದಿಲ್ಲ. ಕಾರಣ ಹೀಗಿದೆ: ಹಾಡು ನಿಂತಾಗ ಡ್ರೈವರ್ ಔಟ್‌ಪುಟ್ಟನ್ನು ಮಲಗಿಸುತ್ತದೆ, ಮತ್ತೆ ಆರಂಭವಾದಾಗ ಆಂಪ್ಲಿಫೈಯರ್ ಬರುತ್ತಿರುವ ದತ್ತಾಂಶದ ಗಡಿಯಾರಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳಬೇಕು, ಅದಕ್ಕೆ ಹಿಡಿಯುವ ಅರೆಗಳಿಗೆಯಲ್ಲಿ ಧ್ವನಿಯನ್ನು ಅದು ತಡೆಹಿಡಿಯುತ್ತದೆ. ಆಡಾಸಿಟಿಯಂಥ ತಂತ್ರಾಂಶದಲ್ಲಿ ಕಡತದ ಆರಂಭಕ್ಕೆ 2 ಸೆಕೆಂಡಿನ ಮೌನ ಸೇರಿಸಿದರೆ ಪೂರ್ತಿ ಪದ ಕೇಳುತ್ತದೆ. ಕಾರ್ಯಕ್ರಮಗಳಲ್ಲಿ ಬಳಸುವ ಕಂಪ್ಯೂಟರ್ ಆದರೆ ಹಿನ್ನೆಲೆಯಲ್ಲಿ ಮೌನದ ಕಡತವೊಂದನ್ನು ನಿರಂತರವಾಗಿ ಓಡಿಸಿ ಔಟ್‌ಪುಟ್ ಮಲಗದಂತೆ ನೋಡಿಕೊಳ್ಳಬಹುದು.

ಧ್ವನಿ ನಡುನಡುವೆ ಟಕ್ ಎಂದು ತುಂಡಾಗುತ್ತಿದ್ದರೆ ಯಾವ ಹೊತ್ತಿನಲ್ಲಿ ಎಂಬುದನ್ನು ಬರೆದಿಡಿ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವುದಾದರೆ ಶಾಖವೇ ಕಾರಣವಿರಬಹುದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಮುಚ್ಚಿದ ಕಪಾಟಿನೊಳಗಿನ ಚಿಕ್ಕ ಪರಿವರ್ತಕ ಡಬ್ಬಿಗಳು ಹಿಡಿತ ಕಳೆದುಕೊಳ್ಳುತ್ತವೆ. ಫ್ರಿಜ್ ಅಥವಾ ಮೋಟಾರ್ ಚಾಲೂ ಆದಾಗ ಮಾತ್ರ ತುಂಡಾದರೆ ವೋಲ್ಟೇಜ್‌ನ ಏರಿಳಿತವನ್ನು ನೋಡಿ. ಕಂಪ್ಯೂಟರಿನಲ್ಲಿ ದೊಡ್ಡ ಕೆಲಸ ನಡೆಯುವಾಗ ಮಾತ್ರ ತುಂಡಾದರೆ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಸೌಂಡ್ ಕಾರ್ಡಿನ ಸರದಿಯನ್ನು ತಡೆಯುತ್ತಿರಬಹುದು, ಅವುಗಳನ್ನು ನವೀಕರಿಸಿ.

ಅರ್ಥಿಂಗ್ ಮತ್ತು ಗುಂಯ್ ಎನ್ನುವ ಸದ್ದು

ಈ ಭಾಗವನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ವಿಶೇಷವಾಗಿ ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಸಿರುಗುಪ್ಪ, ಕುರುಗೋಡು ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ; ಅರ್ಥಿಂಗ್ ಕೊಳವೆಯ ಸುತ್ತಲಿನ ಮಣ್ಣು ಅದರಿಂದ ಬೇರ್ಪಟ್ಟು ರೋಧ ಹೆಚ್ಚುತ್ತದೆ. ಬಳ್ಳಾರಿ ನಗರದ ಗುಡ್ಡಗಳ ಸುತ್ತಲಿನ ಬಂಡೆ ನೆಲದಲ್ಲಿಯೂ ಒಳ್ಳೆಯ ಅರ್ಥಿಂಗ್ ಸುಲಭವಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್ಟಿಗೆ ಸುಮಾರು 115 ವೋಲ್ಟ್, ಅಂದರೆ ಮುಖ್ಯ ವಿದ್ಯುತ್ತಿನ ಅರ್ಧದಷ್ಟು, ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ಅತಿ ಕಡಿಮೆಯಾದ್ದರಿಂದ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವಷ್ಟೇ ಆಗುತ್ತದೆ. ಆದರೆ ಆರ್‌ಸಿಎ ಪಿನ್‌ನ ರಚನೆಯಲ್ಲಿ ನಡುವಿನ ಸಿಗ್ನಲ್ ಕಡ್ಡಿ ಹೊರಗಿನ ಗ್ರೌಂಡ್ ಉಂಗುರಕ್ಕಿಂತ ಮೊದಲು ತಾಗುತ್ತದೆ. ಎರಡೂ ಯಂತ್ರಗಳು ಚಾಲೂ ಇರುವಾಗ ಕೋಆಕ್ಸಿಯಲ್ ಕೇಬಲ್ ಸಿಕ್ಕಿಸಿದರೆ ಆ ಸೋರಿಕೆ ವಿದ್ಯುತ್ತು ಸೂಕ್ಷ್ಮವಾದ ಔಟ್‌ಪುಟ್ ಚಿಪ್‌ನ ಮೂಲಕವೇ ದಾರಿ ಹುಡುಕುತ್ತದೆ. ಡಿಜಿಟಲ್ ಔಟ್‌ಪುಟ್ ನಿಜವಾಗಿಯೂ ಸುಡುವ ಸಂದರ್ಭ ಇದು. ಕೋಆಕ್ಸಿಯಲ್ ಜೋಡಿಸುವ ಮುನ್ನ ಎರಡೂ ಯಂತ್ರಗಳ ಪ್ಲಗ್‌ಗಳನ್ನು ಗೋಡೆಯಿಂದ ಕಿತ್ತಿಡಿ.

ಹೀಗಾಗಿ ಆಯ್ಕೆ ಇದ್ದಾಗಲೆಲ್ಲ ನಮ್ಮ ಪ್ರದೇಶದಲ್ಲಿ ಆಪ್ಟಿಕಲ್ ಕೇಬಲನ್ನೇ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅದರಲ್ಲಿ ಲೋಹವಿಲ್ಲ, ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದ ಕಾರಣ ಗ್ರೌಂಡ್ ಲೂಪ್‌ನಿಂದ (ಎರಡು ಯಂತ್ರಗಳ ಅರ್ಥ್ ತಂತಿಗಳು ಕೇಬಲ್ ಮೂಲಕ ಸುತ್ತುಗೂಡುವುದರಿಂದ) ಹುಟ್ಟುವ 50 ಹರ್ಟ್ಸ್‌ನ ಗುಂಯ್ ಸದ್ದು ಆ ದಾರಿಯಿಂದ ಬರಲಾರದು. ಆಪ್ಟಿಕಲ್ ಹಾಕಿದ ಮೇಲೂ ಗುಂಯ್ ಉಳಿದರೆ ಕಂಪ್ಯೂಟರನ್ನು ಅನುಮಾನಿಸುವುದನ್ನು ಬಿಟ್ಟು, ಆಂಪ್ಲಿಫೈಯರ್‌ಗೆ ಅಥವಾ ಅದಕ್ಕೆ ಜೋಡಿಸಿದ ಟಿವಿಗೆ ಬಂದಿರುವ ಕೇಬಲ್ ಟಿವಿ ಅಥವಾ ಡಿಶ್‌ನ ತಂತಿಯನ್ನು ಒಮ್ಮೆ ಕಳಚಿ ನೋಡಿ. ಅರ್ಥಿಂಗ್ ಪರೀಕ್ಷೆಯನ್ನು ಎಲೆಕ್ಟ್ರೀಷಿಯನ್‌ನಿಂದಲೇ ಮಾಡಿಸಿ: ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಿ. ಗುಂಯ್ ನಿಲ್ಲಿಸಲು ಪ್ಲಗ್‌ನ ಮೂರನೇ ಪಿನ್ ಮುರಿಯುವ ಪದ್ಧತಿಯೊಂದು ಚಾಲ್ತಿಯಲ್ಲಿದೆ. ಅದು ಜೀವಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಬೇಡಿ.

ಲಿನಕ್ಸ್ ಬಳಸುವವರಿಗೆ

ಲಿನಕ್ಸ್‌ನಲ್ಲಿ ಈ ಔಟ್‌ಪುಟ್ ‘ಐಇಸಿ958’ ಎಂಬ ಹಳೆಯ ಹೆಸರಿನಿಂದ ಕಾಣಿಸುತ್ತದೆ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂಬ ಧ್ವನಿ ನಿಯಂತ್ರಕವನ್ನು ತೆರೆದು, ಆ ಹೆಸರಿನ ಪಟ್ಟಿಯ ಕೆಳಗೆ ಜೋಡಿ ‘ಎಂ’ ಕಂಡರೆ ಅದು ಮ್ಯೂಟ್ ಆಗಿದೆಯೆಂದು ತಿಳಿದು ‘ಎಂ’ ಕೀಲಿ ಒತ್ತಿ. ಆಮೇಲೆ ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್‌ನ ‘ಕಾನ್ಫಿಗರೇಶನ್’ ಪುಟದಲ್ಲಿ ‘ಡಿಜಿಟಲ್ ಸ್ಟೀರಿಯೊ’ ಪ್ರೊಫೈಲ್ ಆಯ್ದರೆ ಸಾಕು.

ಚಿಪ್ಪಿನ ಮೇಲೆ ತಪ್ಪು ಹೊರಿಸುವ ಮೊದಲು

ಹಾರ್ಡ್‌ವೇರ್ ಕೆಟ್ಟಿದೆಯೆಂದು ಹೇಳಲು ಎರಡು ಸಾಕ್ಷಿ ಬೇಕು. ಅದೇ ಕೇಬಲ್, ಅದೇ ಆಂಪ್ಲಿಫೈಯರ್ ಬೇರೊಂದು ಮೂಲದಿಂದ, ಉದಾಹರಣೆಗೆ ಟಿವಿಯ ಆಪ್ಟಿಕಲ್ ಔಟ್‌ಪುಟ್‌ನಿಂದ, ಪಿಸಿಎಂ ಧ್ವನಿಯನ್ನು ಸರಿಯಾಗಿ ನುಡಿಸಬೇಕು. ಅದೇ ಕಂಪ್ಯೂಟರನ್ನು ಪೆನ್‌ಡ್ರೈವ್‌ನಿಂದ ಲಿನಕ್ಸ್‌ಗೆ ಬೂಟ್ ಮಾಡಿ ಮೇಲೆ ಹೇಳಿದ ಸೆಟ್ಟಿಂಗ್ ಇಟ್ಟಾಗಲೂ ಸದ್ದು ಬಾರದಿರಬೇಕು. ಎರಡೂ ಹೌದಾದರೆ ಮಾತ್ರ ಔಟ್‌ಪುಟ್ ಹೋಗಿದೆ. ಆಗಲೂ ಮದರ್‌ಬೋರ್ಡ್ ಬದಲಿಸುವ ಖರ್ಚು ಬೇಕಿಲ್ಲ. ಬೋರ್ಡಿನ ಮೇಲೆ ‘ಎಸ್‌ಪಿಡಿಐಎಫ್ ಔಟ್’ ಎಂದು ಬರೆದ ಪಿನ್ನುಗಳಿದ್ದರೆ, ಚಿಪ್ ಉಳಿದು ಹಿಂಬದಿಯ ಆಪ್ಟಿಕಲ್ ಸಾಕೆಟ್ ಒಂದೇ ಹೋಗಿರುವ ಸಂದರ್ಭದಲ್ಲಿ, ಅವಕ್ಕೆ ಹೊಂದುವ ಚಿಕ್ಕ ಬ್ರಾಕೆಟ್ ಹಾಕಿಸಬಹುದು. ಚಿಪ್ಪೇ ಹೋಗಿದ್ದರೆ ಆಪ್ಟಿಕಲ್ ಔಟ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು. ಅದನ್ನು ಕೊಳ್ಳುವಾಗ ಡಾಲ್ಬಿ ಪಾಸ್‌ಥ್ರೂ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ, ಸಾಧ್ಯವಾದರೆ ಅಲ್ಲೇ ಜೋಡಿಸಿ ನೋಡಿ, ಮನೆಗೆ ತಂದ ಮೇಲೆ ಮೊದಲು 16 ಬಿಟ್, 48,000 ಹರ್ಟ್ಸ್‌ನಲ್ಲೇ ಪರೀಕ್ಷಿಸಿ.